ಮೇಲೇನಿದೆ, ಕೆಳಗೇನಿದೆ, ಪಕ್ಕದಲ್ಲಿ ಯಾರಿದ್ದಾರೆ?

ಕುವೆಂಪುನಗರ, ಮೈಸೂರು

ಪ್ರಿಯ ಮೇಷ್ಟ್ರೇ,

ನಿಮ್ಮ ಲಕೋಟೆ ಮೊನ್ನೆ ಬಂತು. ಸರಸ್ವತಿಪುರಂನಿಂದ ಇಲ್ಲಿಗೆ ಎಷ್ಟು ದೂರ ಹೇಳಿ! ಸಂಜೆ ವಾಕಿಂಗ್ ಹೊರಟವರು ಇನ್ನೊಂದೆರಡು ತಿರುವು ಜಾಸ್ತಿ ಹಾಕಿದ್ದರೆ ಕಾಫಿಯೂ ಆಗುತ್ತಿತ್ತು, ಮಾತೂ ಮುಗಿಯುತ್ತಿತ್ತು. ಆದರೆ ನೀವು ಕಾಗದದ ಮನುಷ್ಯರು. ಈ ಅಂಕಣ ಶುರುವಾದ ದಿನದಿಂದ ನನ್ನ ಕಾಗುಣಿತದ ತಪ್ಪುಗಳನ್ನು ಅಂಚೆಯಲ್ಲೇ ತಿದ್ದಿ ಕಳಿಸಿದವರು. ಹಾಗಾಗಿ ನಾನೂ ಕಾಗದದಲ್ಲೇ ಉತ್ತರ ಬರೆಯುತ್ತಿದ್ದೇನೆ. ಮೊದಲ ಸಲ ಹಡಗು ಹತ್ತುವ ಬೇರೆಯವರಿಗೂ ಪ್ರಯೋಜನವಾದರೆ ಆಗಲಿ ಅಂತ ಅದನ್ನೇ ಅಚ್ಚಿಗೂ ಕೊಡುತ್ತಿದ್ದೇನೆ, ಬೇಜಾರಿಲ್ಲ ತಾನೇ?

ಒಳಗಿದ್ದ ನಕ್ಷೆ ನೋಡಿ ನಗು ಬಂತು. ಸಿಂಗಪುರದ ಅಳಿಯಂದಿರು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಾಲ್ಕು ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಅಂಟಿಸಿ, ಮೂರು ರೂಮುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೀರಿ. ಅಂಟಿಸುವ ಭರದಲ್ಲಿ ಹಡಗಿನ ಹೆಸರಿದ್ದ ತಲೆಪಟ್ಟಿಯೇ ಕತ್ತರಿಸಿಹೋಗಿದೆ! ಚಿಂತೆಯಿಲ್ಲ, ಹೆಸರಿಲ್ಲದೆಯೂ ನಕ್ಷೆ ಮಾತಾಡುತ್ತದೆ. ‘ನಲವತ್ತು ವರ್ಷ ಭೂಗೋಳ ಪಾಠ ಮಾಡಿದವನು ನಾನು, ಭೂಪಟ ಓದಬಲ್ಲೆ, ಇದು ಮಾತ್ರ ಜೇನುಹುಟ್ಟಿನ ಹಾಗೆ ಕಾಣುತ್ತೆ’ ಅಂತ ಬರೆದಿದ್ದೀರಿ. ಅದೇ ಕಾಗದದ ಕೊನೆಯಲ್ಲಿ, ಸಂಬಂಧವಿಲ್ಲದ ಹಾಗೆ, ವರ್ಗಾವಣೆಯ ಕಾಲದಲ್ಲಿ ಹದಿನಾಲ್ಕು ಬಾಡಿಗೆ ಮನೆ ಬದಲಾಯಿಸಿದ ಕಥೆಯನ್ನೂ ಬರೆದಿದ್ದೀರಿ. ಮೇಷ್ಟ್ರೇ, ನಿಮಗೆ ಬೇಕಾಗಿರುವುದು ಭೂಗೋಳವಲ್ಲ, ಆ ಹದಿನಾಲ್ಕು ಮನೆ.

ಅಗ್ರಹಾರದ ವಠಾರದಲ್ಲಿ ಮನೆ ನೋಡಲು ಹೋದಾಗ ಏನು ನೋಡುತ್ತಿದ್ದಿರಿ? ಗೋಡೆಯ ಸುಣ್ಣವನ್ನಲ್ಲ. ನಲ್ಲಿ ಎಲ್ಲಿದೆ, ಬಚ್ಚಲು ಯಾರ ಗೋಡೆಗೆ ಅಂಟಿದೆ, ಮೇಲಿನ ಮನೆಯವರು ಒರಳುಕಲ್ಲು ಎಲ್ಲಿಟ್ಟಿದ್ದಾರೆ, ಪಕ್ಕದಲ್ಲಿ ರಾತ್ರಿ ಪಾಳಿಯಿಂದ ಬರುವವರಿದ್ದಾರೋ ಹೇಗೆ. ಹಡಗಿನ ಕೋಣೆಯನ್ನು ಆರಿಸುವುದೂ ಅಷ್ಟೇ. ಕಂಪನಿಯವರು ತೋರಿಸುವ ಫೋಟೋದಲ್ಲಿ ಬಿಳಿ ಹಾಸಿಗೆ, ಅದರ ಮೇಲೆ ಟವೆಲ್ಲಿನಲ್ಲಿ ಮಾಡಿದ ಹಂಸ. ಎಲ್ಲ ಕೋಣೆಯಲ್ಲೂ ಅದೇ ಹಂಸ. ಈಗಿನ ಹಡಗುಗಳಲ್ಲಿ ಕೋಣೆಗಳನ್ನು ಕಾರ್ಖಾನೆಯಲ್ಲೇ ಬಚ್ಚಲುಮನೆ ಸಮೇತ ಪೆಟ್ಟಿಗೆಗಳಂತೆ ತಯಾರಿಸಿ ತಂದು, ಬೀರುವಿಗೆ ಡ್ರಾಯರ್ ತಳ್ಳಿದ ಹಾಗೆ ಹಡಗಿನ ಒಡಲಿಗೆ ತಳ್ಳಿ ಜೋಡಿಸುತ್ತಾರೆ. ಒಂದು ದರ್ಜೆಯ ನೂರು ಕೋಣೆ ನೋಡಿದರೂ ಒಂದೇ. ವ್ಯತ್ಯಾಸವಿರುವುದು ಆ ಡ್ರಾಯರ್ ಯಾವ ಸಾಲಿನಲ್ಲಿದೆ, ಅದರ ಮೇಲೆ, ಕೆಳಗೆ, ಅಕ್ಕಪಕ್ಕ ಏನಿದೆ ಅನ್ನುವುದರಲ್ಲಿ.

ನನಗೆ ಇದು ತಿಳಿದದ್ದು ಸುಮ್ಮನೆ ಅಲ್ಲ, ನಾಲ್ಕು ರಾತ್ರಿ ನಿದ್ದೆಗೆಟ್ಟು. ಮೊದಲ ಸಲ ಹಡಗಿನ ಪ್ರವಾಸಕ್ಕೆ ಹೊರಟಾಗ ‘ಎತ್ತರಕ್ಕೆ ಹೋದಷ್ಟೂ ಅಂತಸ್ತು’ ಅಂದುಕೊಂಡು ನಾನೇ ಹಟ ಮಾಡಿ ಕೋಣೆಗಳಿರುವ ಡೆಕ್ಕುಗಳಲ್ಲಿ ಅತ್ಯಂತ ಮೇಲಿನದನ್ನು ಹಿಡಿದೆ. ನಮ್ಮ ತಲೆಯ ಮೇಲೆ ಏನಿದೆ ಅಂತ ನೋಡಲಿಲ್ಲ. ಈಜುಕೊಳದ ಅಂಗಳವಿತ್ತು! ರಾತ್ರಿ ಹನ್ನೊಂದೂವರೆವರೆಗೆ ಸಂಗೀತದ ಧಿಮಿಧಿಮಿ. ಅದು ನಿಂತಿತೆಂದು ಕಣ್ಣು ಮುಚ್ಚಿದರೆ, ಬೆಳಗಿನ ಜಾವ ಐದಕ್ಕೆ ಅಂಗಳ ತೊಳೆಯುವವರು ನೂರಾರು ಆರಾಮಕುರ್ಚಿಗಳನ್ನು ಒಂದೊಂದಾಗಿ ಎಳೆದು ಜೋಡಿಸತೊಡಗಿದರು. ಕಬ್ಬಿಣದ ನೆಲ, ಅದರ ಮೇಲೆ ಕುರ್ಚಿ ಕಾಲು. ತಾರಸಿಯ ಮೇಲೆ ಯಾರೋ ಟ್ರಂಕು ಎಳೆದಾಡಿದ ಹಾಗೆ. ಎರಡನೇ ದಿನ ನಮ್ಮವರು ದಿಂಬನ್ನು ಕಿವಿಗೆ ಒತ್ತಿಕೊಂಡು, ‘ನಿನ್ನ ಅಂತಸ್ತು ಎದ್ದಿದೆ ನೋಡು’ ಅಂದರು. ಆ ಮಾತು ಈಗಲೂ ನಮ್ಮ ಮನೆಯಲ್ಲಿ ಆಗಾಗ ಬರುತ್ತಿರುತ್ತದೆ.

ನೀವು ಕೆಂಪು ಸುತ್ತು ಹಾಕಿದ ಮೊದಲನೆಯ ಕೋಣೆ ಅಂಥದ್ದೇ. ಅದರ ಮೇಲಿನ ಡೆಕ್ಕಿನ ಹಾಳೆಯನ್ನು ಇದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಕ್ಕಳಿಗೆ ಭೂಪಟದ ಮೇಲೆ ಪಾರದರ್ಶಕ ಕಾಗದ ಇಟ್ಟು ನದಿ ಬರೆಸುತ್ತಿದ್ದಿರಲ್ಲ, ಹಾಗೆ. ನಿಮ್ಮ ಹಾಸಿಗೆಯ ನೆತ್ತಿಗೆ ಸರಿಯಾಗಿ ಊಟದ ಬಫೆ ಹಾಲ್ ಬರುತ್ತದೆ. ರಾತ್ರಿಯೆಲ್ಲ ತಳ್ಳುಗಾಡಿಗಳ ಚಕ್ರ, ಬೆಳಗ್ಗೆ ಪಾತ್ರೆ. ಅದನ್ನು ಹೊಡೆದು ಹಾಕಿದ್ದೇನೆ, ಹಸಿರು ಶಾಯಿಯಲ್ಲಿ. ಹಾಳೆ ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ನಿಮ್ಮ ಕೆಂಪು ಇಂಕಿನ ಮೇಲೆ ನನ್ನ ಹಸಿರು ಇಂಕು! ಇಷ್ಟು ವರ್ಷದಲ್ಲಿ ಇದೊಂದೇ ಅವಕಾಶ ಸಿಕ್ಕಿದ್ದು.

ಮೇಲೂ ಕೋಣೆಗಳು, ಕೆಳಗೂ ಕೋಣೆಗಳು ಇರುವ ಡೆಕ್ಕು ಹುಡುಕಬೇಕು. ಮಲಗುವವರ ನಡುವೆ ಮಲಗುವುದು. ಕೆಳಗೆ ನಾಟಕಶಾಲೆಯೋ ಕುಣಿತದ ಹಾಲೋ ಇದ್ದರೆ ಅದೂ ಕಷ್ಟವೇ, ಶಬ್ದ ಕಬ್ಬಿಣದಲ್ಲಿ ಮೇಲಕ್ಕೂ ಹತ್ತುತ್ತದೆ. ಇನ್ನು ನಕ್ಷೆಯಲ್ಲಿ ಏನೂ ಬರೆಯದೆ ಬಿಳಿಯಾಗಿ ಬಿಟ್ಟ ಜಾಗಗಳಿವೆ ನೋಡಿ, ಅವು ಖಾಲಿ ಜಾಗಗಳಲ್ಲ. ಪ್ರಯಾಣಿಕರು ಹೋಗುವಂಥದ್ದಲ್ಲ ಅಂತ ಬರೆದಿಲ್ಲ, ಅಷ್ಟೇ. ಕೆಲಸಗಾರರ ಲಿಫ್ಟೋ, ಬಟ್ಟೆ ಪೇರಿಸುವ ಉಗ್ರಾಣವೋ, ಅಡುಗೆಮನೆಯ ಒಂದು ತುಂಡೋ ಆಗಿರಬಹುದು. ಬಿಳಿ ಜಾಗಕ್ಕೆ ಗೋಡೆ ಹಂಚಿಕೊಂಡ ಕೋಣೆಯನ್ನು ನಾನು ಮುಟ್ಟುವುದಿಲ್ಲ.

ನಿಮ್ಮ ಎರಡನೆಯ ಸುತ್ತು ಮುಂಭಾಗದ ಕೋಣೆಗೆ, ಹಡಗಿನ ಮೂತಿಯ ಹತ್ತಿರ. ‘ಸಮುದ್ರ ಎದುರಿಗೇ ಕಾಣುತ್ತೆ’ ಅಂತ ಅಂಚಿನಲ್ಲಿ ಬರೆದಿದ್ದೀರಿ. ಮಡಿಕೇರಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಬಂದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಚಕ್ರಗಳ ನಡುವೆ ಕೂತವರು ನಿದ್ದೆ ಹೊಡೆಯುತ್ತಾರೆ, ಹಿಂದಿನ ಸೀಟಿನವರ ತಲೆ ಚಾವಣಿಗೆ ತಾಗುತ್ತದೆ. ಅಲೆ ಬಂದಾಗ ಹಡಗೂ ಸೀಸಾದ ಹಲಗೆಯ ಹಾಗೆ ನಡುವನ್ನು ಊರಿಕೊಂಡು ಮೂತಿ, ಬಾಲ ಎತ್ತಿ ಇಳಿಸುತ್ತದೆ. ನಡುವಿನವರಿಗೆ ಅಲುಗಾಟ ಕಡಿಮೆ, ತುದಿಯವರಿಗೆ ಜಾಸ್ತಿ. ಅಡ್ಡಡ್ಡ ಓಲಾಡುವುದಕ್ಕಾದರೆ ಈಗಿನ ಹಡಗುಗಳ ಹೊಟ್ಟೆಯ ಬದಿಗಳಲ್ಲಿ ಮೀನಿನ ಈಜುರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ, ಅವು ಬಹುಮಟ್ಟಿಗೆ ತಡೆಯುತ್ತವೆ. ಉದ್ದುದ್ದ ಏರಿಳಿಯುವುದಕ್ಕೆ ಅವುಗಳಿಂದ ಉಪಯೋಗವಿಲ್ಲ. ಇದು ಹಳೆಯ ತಿಳಿವಳಿಕೆಯೇ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಮೊದಲ ದರ್ಜೆಯವರನ್ನು ನಡುವೆ ಇಟ್ಟಿದ್ದರು. ಮೂರನೇ ದರ್ಜೆಯ ಒಂಟಿ ಗಂಡಸರಿಗೆ ಮೂತಿಯ ಕಡೆ, ಸಂಸಾರಸ್ಥರಿಗೂ ಒಂಟಿ ಹೆಂಗಸರಿಗೂ ಬಾಲದ ಕಡೆ ಜಾಗ. ದುಡ್ಡಿದ್ದವರು ಕೊಂಡದ್ದು ನೋಟವನ್ನಲ್ಲ, ಅಲುಗಾಡದ ಮಂಚವನ್ನು.

ಆದರೆ ಮೇಷ್ಟ್ರೇ, ಇಲ್ಲೊಂದು ಮಾತು ನಿಮಗಾಗಿಯೇ ಹೇಳಬೇಕು. ಕ್ರೂಸ್ ಹೋಗಿಬಂದವರೆಲ್ಲ ಮೊದಲು ಹೆದರಿಸುವುದು ವಾಂತಿಯ ವಿಷಯಕ್ಕೆ. ನೀವು ಹೋಗುವುದು ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ. ಅಂದರೆ ಬಹುಪಾಲು ಮಲಾಕ್ಕ ಜಲಸಂಧಿಯಲ್ಲಿ. ಅದನ್ನು ನೀವೇ ಎಷ್ಟು ತರಗತಿಗಳಿಗೆ ಪಾಠ ಮಾಡಿಲ್ಲ? ಒಂದು ಕಡೆ ಮಲಯಾ ಪರ್ಯಾಯದ್ವೀಪ, ಇನ್ನೊಂದು ಕಡೆ ಸುಮಾತ್ರಾ. ಎರಡು ತೋಳುಗಳ ನಡುವಿನ ನೀರು. ‘ಸುಮಾತ್ರಾಸ್’ ಅಂತಲೇ ಕರೆಯುವ ಬಿರುಗಾಳಿಮಳೆ ಆಗಾಗ ಬೆಳಗಿನ ಜಾವ ನುಗ್ಗಿ ಬಂದರೂ, ಜೋರಾಗಿ ಸುರಿದು ಬೇಗ ಹೋಗಿಬಿಡುತ್ತದೆ. ಮಳೆಗಾಲದ ಅರಬ್ಬೀ ಸಮುದ್ರದ ಜೊತೆಗೆ ಅದನ್ನು ಹೋಲಿಸುವ ಹಾಗೇ ಇಲ್ಲ. ಆದ್ದರಿಂದ ನಿಮ್ಮ ಪ್ರಯಾಣದಲ್ಲಿ ಅಲುಗಾಟಕ್ಕಿಂತ ಶಬ್ದಕ್ಕೇ ಹೆಚ್ಚು ಗಮನ ಕೊಡಿ ಅನ್ನುತ್ತೇನೆ. ಮೂತಿಯ ಕೋಣೆಯನ್ನು ನಾನು ಬೇಡವೆನ್ನುವುದೂ ಆ ಕಾರಣಕ್ಕೇ. ಬಂದರಿನಲ್ಲಿ ಹಡಗನ್ನು ಅಡ್ಡಕ್ಕೆ ಸರಿಸಲು ಮೂತಿಯ ಕೆಳಗೆ ಪ್ರತ್ಯೇಕ ಪ್ರೊಪೆಲರ್‌ಗಳಿರುತ್ತವೆ. ಬೆಳಗ್ಗೆ ಆರಕ್ಕೆ ಅವು ಶುರುವಾದರೆ ಇಡೀ ಕೋಣೆ ಗಿರಣಿಯ ಹಾಗೆ ಗಡಗಡ ಅನ್ನುತ್ತದೆ. ಲಂಗರಿನ ಸರಪಳಿ ಇಳಿಯುವುದೂ ಅಲ್ಲೇ. ಬಾಲದ ಕಡೆಯ ಕೆಳಗಿನ ಕೋಣೆಗಳಿಗೆ ಎಂಜಿನ್ನಿನ ನಡುಕ. ಹಾಗಾಗಿ ನಡುವೆ ಬನ್ನಿ.

ನೋಟದ ವಿಷಯಕ್ಕೆ ಬಂದರೆ, ಕೋಣೆಗಳಲ್ಲಿ ಮೂರು ನಾಲ್ಕು ಜಾತಿ. ಒಳಗಿನ ಕೋಣೆ, ಕಿಟಕಿಯ ಕೋಣೆ, ಬಾಲ್ಕನಿಯದ್ದು, ಆಮೇಲೆ ಸೂಟು. ಒಳಗಿನ ಕೋಣೆಗೆ ಕಿಟಕಿಯೇ ಇಲ್ಲ. ದೀಪ ಆರಿಸಿದರೆ ಗರ್ಭಗುಡಿಯ ಕತ್ತಲೆ, ಮಧ್ಯಾಹ್ನವೋ ಮಧ್ಯರಾತ್ರಿಯೋ ತಿಳಿಯುವುದಿಲ್ಲ. ನಿದ್ದೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಬೆಲೆಯೂ ಕಡಿಮೆ. ಆದರೆ ಅಮ್ಮ, ಅಂದರೆ ನಿಮ್ಮ ಮನೆಯವರು, ರಾತ್ರಿ ಎರಡು ಮೂರು ಸಲ ಏಳುತ್ತಾರೆ ಅಂತ ಬರೆದಿದ್ದೀರಿ. ಆ ಕತ್ತಲಲ್ಲಿ ಅವರು ತಡಕಾಡುವುದು ನನಗಿಷ್ಟವಿಲ್ಲ. ಒಳಗಿನದನ್ನೇ ತೆಗೆದುಕೊಂಡರೆ ಬಚ್ಚಲಿನ ದೀಪ ಹಾಕಿ ಬಾಗಿಲು ಒಂದಿಷ್ಟು ಸರಿಸಿಟ್ಟು ಮಲಗಿ.

ಒಳಗಿನ ಕೋಣೆಯಲ್ಲೂ ಒಂದು ವಿಶೇಷ ಬಗೆ ಉಂಟು. 1999ರಲ್ಲಿ ಬಂದ ‘ವಾಯೇಜರ್ ಆಫ್ ದ ಸೀಸ್’ ಹಡಗಿನಲ್ಲಿ ನಡುವೆ ಅಂಗಡಿಬೀದಿ ಮಾಡಿ, ಕೆಲವು ಒಳಕೋಣೆಗಳ ಕಿಟಕಿಯನ್ನು ಆ ಬೀದಿಗೆ ತೆರೆದರು. ಹತ್ತು ವರ್ಷದ ಮೇಲೆ, 2009ರಲ್ಲಿ, ‘ಓಯಸಿಸ್ ಆಫ್ ದ ಸೀಸ್’ ಇನ್ನೂ ಮುಂದೆ ಹೋಗಿ ಹಡಗಿನ ನಡುವಿಗೆ ಆಕಾಶ ಕಾಣುವ ಹಾಗೆ ತೋಟವನ್ನೇ ಮಾಡಿತು, ಸುತ್ತ ಬಾಲ್ಕನಿಗಳು. ಪ್ರಪಂಚವೆಲ್ಲ ಅದನ್ನು ಹೊಸತೆಂದು ಮೆಚ್ಚಿತು. ನಮ್ಮ ಕಡೆಯವರಿಗೆ ಅದರಲ್ಲಿ ಹೊಸದೇನು? ತೊಟ್ಟಿಮನೆ! ತೊಟ್ಟಿಯ ಸುತ್ತ ಕೋಣೆ, ಮೇಲೆ ಆಕಾಶ, ಎದುರು ಮನೆಯವರು ಏನು ಮಾಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತು. ಕೊನೆಯದನ್ನು ಕಂಪನಿಯವರು ಜಾಹೀರಾತಿನಲ್ಲಿ ಹೇಳುವುದಿಲ್ಲ, ಪರದೆ ಎಳೆದುಕೊಳ್ಳಬೇಕು.

ಬಾಲ್ಕನಿ ಅನ್ನುವುದು ಹಡಗಿನಲ್ಲಿ ಸಾಮಾನ್ಯವಾದದ್ದೇ ಇತ್ತೀಚೆಗೆ ಅಂತ ನಿಮಗೆ ಗೊತ್ತಿತ್ತೇ? ಎಲ್ಲ ಕೋಣೆಗಳೂ ಹೊರಗೋಡೆಗೇ ಇರುವಂತೆ ಮಾಡಿದ ಮೊದಲ ದೊಡ್ಡ ವಿಹಾರ ಹಡಗು 1984ರ ‘ರಾಯಲ್ ಪ್ರಿನ್ಸೆಸ್’. ಅದರಲ್ಲಿ ಬಹಳಷ್ಟು ಕೋಣೆಗೆ ಜಗಲಿಯೂ ಇತ್ತು. ಅದಾದ ಮೇಲೂ ಎಷ್ಟೋ ವರ್ಷ ಬಾಲ್ಕನಿ ಶ್ರೀಮಂತರದ್ದೇ. ಮುಂಬೈಯಿಂದ ಗೋವಾ, ಲಕ್ಷದ್ವೀಪ ಅಂತ ಹೊರಡುವ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಇದೆಯಲ್ಲ, 2021ರಲ್ಲಿ ಇಲ್ಲಿ ಓಡಾಟ ಶುರುಮಾಡಿದ್ದು, ಅದು ಫ್ರಾನ್ಸಿನಲ್ಲಿ ಕಟ್ಟಿ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಅನ್ನುವ ಹೆಸರಿನಲ್ಲಿ ಸೇವೆಗೆ ಬಂದ ಹಡಗು. ಆ ಕಾಲದ ಕಟ್ಟಡವಾದ್ದರಿಂದ ಅದರಲ್ಲಿ ಬಾಲ್ಕನಿ ಇರುವ ಕೋಣೆ ಕಡಿಮೆಯೇ, ಹೆಚ್ಚಿನವು ಒಳಕೋಣೆ ಇಲ್ಲವೇ ಕಿಟಕಿಯವು. ಹಡಗು ಹುಟ್ಟಿದ ವರ್ಷ ಕೇಳಿದರೆ ಅದರ ಕೋಣೆಯ ಜಾತಕ ಅರ್ಧ ತಿಳಿದಂತೆ. ನಿಮ್ಮ ನಕ್ಷೆಯಲ್ಲಿ ಹೊರಗೋಡೆಯುದ್ದಕ್ಕೂ ಬಾಲ್ಕನಿಗಳೇ ಇವೆ, ಹಾಗಾಗಿ ಹೊಸ ಹಡಗೇ ಇರಬೇಕು.

ಅಳತೆಯನ್ನು ಓದುವಾಗಲೂ ಹುಷಾರು. ಹಳೆಯ ಹಡಗಿನ ಒಳಕೋಣೆ 120 ಚದರ ಅಡಿ ಆಸುಪಾಸು ಇರುತ್ತದೆ. ಅಂದರೆ ನಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಹತ್ತನೇ ಒಂದು ಭಾಗ, ಅದರಲ್ಲೇ ಮಂಚ, ಬೀರು, ಮೇಜು, ಬಚ್ಚಲು ಎಲ್ಲ. ಹೊಸ ಹಡಗುಗಳಲ್ಲಿ 150ರಿಂದ 180ರವರೆಗೂ ಸಿಗುತ್ತದೆ. ಬಾಲ್ಕನಿಯ ಕೋಣೆಗೆ ಇಷ್ಟು ಚದರ ಅಡಿ ಅಂತ ಹಾಕಿದ್ದರೆ ಬಾಲ್ಕನಿ ಸೇರಿಸಿಯೋ ಬಿಟ್ಟೋ ಅಂತ ಕೇಳಿ. ಫ್ಲ್ಯಾಟು ಮಾರುವವರು ‘ಬಿಲ್ಟ್‌ಅಪ್’ ಅಂತ ಮೆಟ್ಟಿಲನ್ನೂ ಲೆಕ್ಕಕ್ಕೆ ಸೇರಿಸುವ ಹಾಗೆ ಇಲ್ಲೂ ನಡೆಯುತ್ತದೆ. ಕಿಟಕಿಯ ಕೋಣೆ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಅದರ ಎದುರಿಗೆ ಲೈಫ್‌ಬೋಟ್ ನೇತಾಡುತ್ತಿರಬಹುದು. ಸಮುದ್ರ ನೋಡಲು ದುಡ್ಡು ಕೊಟ್ಟು ಮೂರು ದಿನ ಹಳದಿ ಬಣ್ಣದ ದೋಣಿಯ ತಳ ನೋಡಿಕೊಂಡು ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಎಡವೋ ಬಲವೋ ಅಂತ ಕೇಳಿದ್ದೀರಿ. ಹಡಗಿನವರು ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್ ಅನ್ನುತ್ತಾರೆ, ಮೂತಿಯ ಕಡೆ ಮುಖಮಾಡಿ ನಿಂತಾಗಿನ ಲೆಕ್ಕ. ಹಿಂದೆ ಚುಕ್ಕಾಣಿಯ ಹಲಗೆ ಬಲಗಡೆ ಇರುತ್ತಿತ್ತಂತೆ, ಅದು ಮುರಿಯದಿರಲೆಂದು ಬಂದರಿಗೆ ಎಡ ಮಗ್ಗುಲು ಒಡ್ಡುತ್ತಿದ್ದರು, ಆ ಹೆಸರುಗಳು ಹಾಗೆ ಬಂದವು. ಬ್ರಿಟಿಷರ ಕಾಲದಲ್ಲಿ ಇಂಡಿಯಾಕ್ಕೆ ಬರುವಾಗ ಎಡ, ವಾಪಸಾಗುವಾಗ ಬಲ, ಅಂದರೆ ನೆರಳಿನ ಕಡೆಯ ಕೋಣೆ ಹಿಡಿದವರಿಂದ ‘ಪಾಶ್’ ಅನ್ನುವ ಪದವೇ ಹುಟ್ಟಿತು ಅಂತ ಒಂದು ಕಥೆಯುಂಟು. ಕಥೆ ಸೊಗಸಾಗಿದೆ, ಆಧಾರ ಮಾತ್ರ ಯಾರಿಗೂ ಸಿಕ್ಕಿಲ್ಲ. ನಿಮ್ಮ ದಾರಿಯ ಲೆಕ್ಕ ನೀವೇ ಹಾಕಬಹುದು. ಸಿಂಗಪುರ ಬಿಟ್ಟು ವಾಯುವ್ಯಕ್ಕೆ ಹೊರಟರೆ ಸೂರ್ಯ ಮುಳುಗುವುದು ಎಡಗಡೆ. ವಾಪಸ್ ಬರುವಾಗ ಬಲಗಡೆ. ಎರಡು ಸಂಜೆಗೆ ಒಂದೊಂದು ಪಾಲು, ಜಗಳವಿಲ್ಲ. ಅದಕ್ಕಾಗಿ ಕೋಣೆ ಬದಲಾಯಿಸಬೇಡಿ.

ಈಗ ಮುಖ್ಯವಾದದ್ದು, ನಿಮ್ಮ ಸಂಸಾರ. ಮಗಳು, ಅಳಿಯ, ಆರು ವರ್ಷದ ಮೊಮ್ಮಗ, ನೀವಿಬ್ಬರು. ಐದು ಜನ. ‘ಎಲ್ಲರೂ ಒಂದೇ ರೂಮಿನಲ್ಲಿದ್ದರೆ ಚೆನ್ನ’ ಅಂತ ಅಮ್ಮ ಹೇಳಿದರೆಂದು ಬರೆದಿದ್ದೀರಿ. ಬೇಡ. ನಾಲ್ಕು ಜನರ ಕೋಣೆ ಅಂತ ಮಾರುವುದೆಲ್ಲ ಬಹುಮಟ್ಟಿಗೆ ಇಬ್ಬರ ಕೋಣೆಯೇ. ಉಳಿದಿಬ್ಬರ ಮಂಚ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯುತ್ತದೆ. ಅದಕ್ಕೆ ಪುಲ್‌ಮನ್ ಬರ್ತ್ ಅನ್ನುತ್ತಾರೆ, ಅಮೆರಿಕದಲ್ಲಿ ಮಲಗುವ ರೈಲುಬೋಗಿ ಕಟ್ಟಿ ಹೆಸರಾದ ಜಾರ್ಜ್ ಪುಲ್‌ಮನ್‌ನ ಹೆಸರು. ರೈಲಿನ ಅಪ್ಪರ್ ಬರ್ತ್ ಅಂತಲೇ ತಿಳಿಯಿರಿ, ಏಣಿ ಹತ್ತಬೇಕು. ಮೊಮ್ಮಗ ಕುಣಿದು ಹತ್ತುತ್ತಾನೆ. ಆದರೆ ಅದು ಇಳಿದ ಮೇಲೆ ಕೆಳಗೆ ತಲೆಯೆತ್ತಿ ಕೂರುವ ಹಾಗಿಲ್ಲ, ಮತ್ತೆ ಬೆಳಗ್ಗೆ ಒಂದೇ ಬಚ್ಚಲಿಗೆ ಸರದಿ. ವಠಾರದ ಆ ಒಂದನ್ನು ಮಾತ್ರ ಹಡಗಿಗೆ ಒಯ್ಯಬೇಡಿ!

ಅದರ ಬದಲು ಎರಡು ಕೋಣೆ, ನಡುವೆ ಬಾಗಿಲಿರುವಂಥವು. ನಕ್ಷೆಯಲ್ಲಿ ಕೆಲವು ಜೋಡಿ ಕೋಣೆಗಳ ನಡುಗೋಡೆಯ ಮೇಲೆ ಪುಟ್ಟ ಬಾಣವಿದೆ ನೋಡಿ, ಮೂಲೆಯ ಸೂಚಿಯಲ್ಲಿ ಅದರ ಅರ್ಥವೂ ಇದೆ. ಬೇರೆಯವರು ಯಾರಾದರೂ ಕೇಳಿದ್ದರೆ ಈ ಬಾಣದ ಕೋಣೆ ಬೇಡವೇ ಬೇಡ ಅನ್ನುತ್ತಿದ್ದೆ. ಬಾಗಿಲ ಸಂದಿಯಿಂದ ಪಕ್ಕದವರ ಕೆಮ್ಮು, ಟಿವಿ, ಮನಸ್ತಾಪ ಎಲ್ಲ ನಮ್ಮದೂ ಆಗಿಬಿಡುತ್ತದೆ. ಆದರೆ ಆಚೆ ಕಡೆ ನಿಮ್ಮ ಮಗಳೇ ಇದ್ದರೆ? ಬಾಗಿಲು ತೆರೆದರೆ ಒಂದೇ ಮನೆ, ಮುಚ್ಚಿದರೆ ಅವರಿಗೂ ನೆಮ್ಮದಿ. ಅಮ್ಮನ ಆಸೆಯೂ ಈಡೇರಿತು. ಒಂದೇ ಎಚ್ಚರ: ಎರಡನ್ನೂ ಒಟ್ಟಿಗೆ, ನಂಬರು ಹಿಡಿದು ಬುಕ್ ಮಾಡಬೇಕು. ‘ಗ್ಯಾರಂಟಿ’ ಅಂತ ಒಂದು ಅಗ್ಗದ ದರ ಇರುತ್ತದೆ. ಗ್ಯಾರಂಟಿ ಇರುವುದು ದರ್ಜೆಗೆ, ಕೋಣೆಗಲ್ಲ. ಎಲ್ಲಿ ಉಳಿಯಿತೋ ಅಲ್ಲಿ ಹಾಕುತ್ತಾರೆ, ಆಮೇಲೆ ನಿಮ್ಮದು ಮೂತಿಗೆ, ಅವರದು ಬಾಲಕ್ಕೆ ಬಂದರೂ ಕೇಳುವಂತಿಲ್ಲ.

ನಂಬರು ಓದುವುದು ಬಲು ಸುಲಭ. ಬಹಳಷ್ಟು ಹಡಗುಗಳಲ್ಲಿ ಮೊದಲ ಅಂಕಿ ಡೆಕ್ಕಿನದು, ಮಿಕ್ಕದ್ದು ಮೂತಿಯಿಂದ ಬಾಲದ ಕಡೆಗೆ ಏರುತ್ತ ಹೋಗುತ್ತದೆ. ಒಂದು ಮಗ್ಗುಲಿಗೆ ಸಮಸಂಖ್ಯೆ, ಇನ್ನೊಂದಕ್ಕೆ ಬೆಸ. ಸರಸ್ವತಿಪುರಂನ ಮೇನು, ಕ್ರಾಸು ಇದ್ದ ಹಾಗೆ. ದಾರಿ ತಪ್ಪುವುದು ಸಂಖ್ಯೆಯಿಂದಲ್ಲ, ಓಣಿಗಳೆಲ್ಲ ಒಂದೇ ಥರ ಇರುವುದರಿಂದ. ‘ಎಂಪ್ರೆಸ್’ನಂಥ ನಡುಗಾತ್ರದ ಹಡಗೇ 211 ಮೀಟರ್ ಉದ್ದ, ಹೊಸವು ಮುನ್ನೂರು ದಾಟುತ್ತವೆ. ಅಮ್ಮನ ಮಂಡಿ ನೋವಿಗೆ ಈ ಓಣಿಯ ನಡಿಗೆಯೇ ದೊಡ್ಡ ವಿಷಯ. ಊಟದ ಹಾಲ್ ಯಾವ ಲಿಫ್ಟಿನ ಹತ್ತಿರ ಇದೆಯೋ ಆ ಲಿಫ್ಟಿನಿಂದ ಆರೇಳು ಬಾಗಿಲು ಆಚೆಗಿರುವ ಕೋಣೆ ಅವರಿಗೆ ಸರಿ. ಲಿಫ್ಟಿಗೆ ಅಂಟಿಕೊಂಡದ್ದು ಬೇಡ, ರಾತ್ರಿಯೆಲ್ಲ ಅಲ್ಲಿ ನಿಂತು ನಗುವವರಿರುತ್ತಾರೆ.

ನಿಮ್ಮ ಮೂರನೆಯ ಸುತ್ತು ಬಹುತೇಕ ಅಂಥ ಕಡೆಯೇ ಬಿದ್ದಿದೆ! ನಡುವಿನ ಲಿಫ್ಟು, ಮೇಲೆ ಕೆಳಗೆ ಬರೀ ಕೋಣೆಗಳು. ಅದನ್ನೇ ನಾಲ್ಕು ಬಾಗಿಲು ಹಿಂದಕ್ಕೆ ಸರಿಸಿ, ಬಾಣದ ಜೋಡಿಗೆ ಹಸಿರು ಗುರುತು ಮಾಡಿದ್ದೇನೆ. ಬಾಲ್ಕನಿ ಎರಡಕ್ಕೂ ಇದೆ, ಹೆಚ್ಚು ಕೂರುವವರು ನೀವೇ. ಮಕ್ಕಳು ಹೇಗೂ ಇಡೀ ದಿನ ಈಜುಕೊಳದಲ್ಲಿರುತ್ತಾರೆ. ಆ ಸಾಲಿನಲ್ಲಿ ಅಕ್ಕಪಕ್ಕದ ಕೋಣೆಗಳು ಕನ್ನಡಿಯ ಬಿಂಬಗಳಂತೆ ಒಂದಕ್ಕೊಂದು ತಿರುಗುಮುರುಗಾಗಿವೆ. ಒಂದರಲ್ಲಿ ಮಂಚ ಬಾಲ್ಕನಿಗೆ ಹತ್ತಿರ, ಸೋಫಾ ಒಳಗೆ. ಇನ್ನೊಂದರಲ್ಲಿ ಮಂಚ ಬಚ್ಚಲಿಗೆ ಹತ್ತಿರ, ಸೋಫಾ ಬಾಲ್ಕನಿಗೆ. ರಾತ್ರಿ ಏಳುವವರಿಗೆ ಎರಡನೆಯದು. ಬುಕ್ ಮಾಡುವಾಗ ಅವಳಿ ಮಂಚ ಬೇಕೋ ಜೋಡಿಸಿದ್ದು ಬೇಕೋ ಅಂತಲೂ ಹೇಳಬಹುದು. ಮಂಚಗಳು ಒಂಟಿಯವೇ, ನಡುವೆ ಸೇರಿಸಿ ದೊಡ್ಡದು ಮಾಡುತ್ತಾರೆ. ಬೇರೆ ಬೇರೆ ಇಟ್ಟರೆ ನಡೆಯುವ ಜಾಗ ಇಕ್ಕಟ್ಟು.

ಬಚ್ಚಲುಮನೆಗೆ ಹೊಸ್ತಿಲಿರುತ್ತದೆ ಮೇಷ್ಟ್ರೇ, ನಮ್ಮ ಹಳೇ ಮನೆಗಳ ಹಾಗೆ ಎತ್ತರದ್ದು, ನೀರು ಕೋಣೆಗೆ ಹರಿಯದಿರಲಿ ಅಂತ. ಕುಂಕುಮ ಹಚ್ಚುವಂತಿಲ್ಲ, ಎಡವುವುದಂತೂ ಖಂಡಿತ. ನಮ್ಮತ್ತೆ ಮೊದಲ ರಾತ್ರಿಯೇ ಹೆಬ್ಬೆರಳು ಜಜ್ಜಿಕೊಂಡು ಉಳಿದ ಪ್ರವಾಸವನ್ನೆಲ್ಲ ಚಪ್ಪಲಿಯಿಲ್ಲದೆ ಮಾಡಿದರು. ಗಾಲಿಕುರ್ಚಿಯವರಿಗೆಂದು ಹೊಸ್ತಿಲಿಲ್ಲದ, ಅಗಲ ಬಾಗಿಲಿನ ಕೆಲವು ಕೋಣೆಗಳಿರುತ್ತವೆ. ದೊಡ್ಡದಿದೆ ಅಂತ ಅದನ್ನು ಕೆಲವರು ಆಸೆಪಟ್ಟು ಹಿಡಿಯುತ್ತಾರೆ, ಅದು ಬೇಕಾದವರ ಪಾಲಿನದು, ನಾವು ಕೈಹಾಕಬಾರದು. ಅಮ್ಮನ ಮಂಡಿ ಅಷ್ಟು ಕೆಟ್ಟಿದ್ದರೆ ಮಾತ್ರ ಡಾಕ್ಟರ ಚೀಟಿ ಇಟ್ಟು ಕೇಳಿ.

ಕೋಣೆ ಹೇಗಿರುತ್ತದೆಂದು ಅವರಿಗೆ ಕಣ್ಣಾರೆ ತೋರಿಸಬೇಕೆಂದಿದ್ದರೆ ಒಂದು ಸಂಜೆ ಕೆ.ಆರ್.ಎಸ್. ರಸ್ತೆಯ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿ. 1979ರಲ್ಲಿ ಶುರುವಾದದ್ದು, ಮೊಮ್ಮಕ್ಕಳನ್ನು ಪುಟಾಣಿ ರೈಲಿಗೆ ಕೂರಿಸಲು ಹೋಗಿ ಮುಖ್ಯವಾದದ್ದನ್ನೇ ನೋಡದೆ ಬರುತ್ತೇವೆ ನಾವು. ಅಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ಇದೆ. ಅಡುಗೆಮನೆ, ಊಟದ ಜಾಗ, ರಾಜಯೋಗ್ಯ ಶೌಚಾಲಯ ಎಲ್ಲವನ್ನೂ ಒಂದು ರೈಲುಬೋಗಿಯ ಅಗಲದೊಳಗೆ ಕೂರಿಸಿದ್ದಾರೆ. ಮಹಾರಾಣಿಯಾದರೂ ಇಷ್ಟರಲ್ಲೇ ತಿರುಗಬೇಕಿತ್ತು ಅಂತ ಕಂಡರೆ ಹಡಗಿನ ಕೋಣೆ ಸಣ್ಣದೆಂಬ ಬೇಸರ ಅಮ್ಮನಿಗೆ ಇರಲಾರದು. ನಮ್ಮ ‘ಗೋಲ್ಡನ್ ಚಾರಿಯಟ್’ ರೈಲಿನಲ್ಲೂ, 2008ರಲ್ಲಿ ಓಡಾಟ ಶುರುಮಾಡಿದ್ದು, ಕದಂಬ, ಹೊಯ್ಸಳ, ರಾಷ್ಟ್ರಕೂಟ ಅಂತ ಬೋಗಿಗಳಿಗೆ ರಾಜವಂಶಗಳ ಹೆಸರಿಟ್ಟು ಒಂದೊಂದರಲ್ಲಿ ನಾಲ್ಕೇ ಕೋಣೆ ಮಾಡಿದ್ದಾರೆ. ಅಲ್ಲೂ ಚಕ್ರದ ಮೇಲಿನ ಕೋಣೆಗಿಂತ ನಡುವಿನದೇ ಮೇಲು.

ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಈ ಕಾಗದ ಮುಗಿಯುವುದಿಲ್ಲ. ‘ಉತ್ತರಕ್ಕೆ ತಲೆ ಬಾರದ ಹಾಗೆ ಮಂಚ ಯಾವ ರೂಮಿನಲ್ಲಿದೆ?’ ಬಹಳ ಯೋಚಿಸಿದೆ. ಹಡಗು ತಿರುಗಿದಾಗಲೆಲ್ಲ ಅವರ ತಲೆಯೂ ತಿರುಗುತ್ತದೆ! ರಾತ್ರಿ ಮಲಗಿದಾಗ ಪೂರ್ವಕ್ಕಿದ್ದದ್ದು ಬೆಳಗ್ಗೆ ಬಂದರಿನಲ್ಲಿ ಉತ್ತರಕ್ಕೆ ಬಂದಿರುತ್ತದೆ. ಆದರೆ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಮಂಚ ಹಡಗಿನ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ಅನ್ನುವುದನ್ನು ನೋಡಬೇಕು. ಅಡ್ಡ ಹಾಕಿದ ಮಂಚದಲ್ಲಿ ಹಡಗು ಓಲಾಡಿದರೆ ಒಮ್ಮೆ ತಲೆ ಮೇಲೆ, ಒಮ್ಮೆ ಕಾಲು ಮೇಲೆ. ಉದ್ದಕ್ಕಿದ್ದರೆ ತೊಟ್ಟಿಲಲ್ಲಿ ತೂಗಿದ ಹಾಗೆ ಮಗ್ಗುಲಿಂದ ಮಗ್ಗುಲಿಗೆ. ನನಗೆ ತೊಟ್ಟಿಲೇ ಇಷ್ಟ, ನಮ್ಮವರಿಗೆ ಅದೇ ಆಗದು. ನಿಮ್ಮ ಜಲಸಂಧಿಯಲ್ಲಿ ಎರಡೂ ಅಷ್ಟಾಗಿ ತಿಳಿಯಲಿಕ್ಕಿಲ್ಲ ಅಂತ ಅವರಿಗೆ ಧೈರ್ಯ ಹೇಳಿ.

ಹತ್ತಿದ ಕೂಡಲೇ ಒಂದು ಕೆಲಸ ಮಾಡಿ. ಬಾಗಿಲ ಹಿಂಬದಿಯಲ್ಲಿ ಅಪಾಯ ಬಂದರೆ ಎಲ್ಲಿ ಸೇರಬೇಕು ಅನ್ನುವ ನಕ್ಷೆ ಅಂಟಿಸಿರುತ್ತಾರೆ, ನಿಮ್ಮ ಕೋಣೆಯಿಂದ ಅಲ್ಲಿಗೆ ಮೆಟ್ಟಿಲ ಮೇಲೆ ಒಮ್ಮೆ ನಡೆದು ನೋಡಿ, ಲಿಫ್ಟ್ ಬೇಡ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನ ಹತ್ತಿದವರಿಗೆ ತಾಲೀಮೇ ಆಗಿರಲಿಲ್ಲ. ಈಗ ಹಡಗು ಹೊರಡುವ ಮೊದಲೇ, ತಪ್ಪಿದರೆ ಹೊರಟ ಕೂಡಲೇ, ಅದನ್ನು ಮಾಡಿಸಲೇಬೇಕೆಂದು ನಿಯಮವಿದೆ. ಕೆಲವರು ಅದನ್ನು ತಪ್ಪಿಸಿಕೊಂಡು ಬಫೆಗೆ ಓಡುತ್ತಾರೆ. ನೀವು ಹಾಗೆ ಮಾಡುವವರಲ್ಲ, ನಲವತ್ತು ವರ್ಷ ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸಿದವರು.

ಕವಿ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಇಂಗ್ಲೆಂಡಿಗೆ ಹಡಗಿನ ದಾರಿಯೇ, ಆ ಸಮುದ್ರಯಾನದಿಂದ ‘ಸಮುದ್ರ ಗೀತೆಗಳು’ ಬಂತು. ಅವರ ಕೋಣೆ ಒಳಗಿನದೋ ಹೊರಗಿನದೋ ಅಂತ ಯಾರಾದರೂ ಕೇಳಬಾರದಿತ್ತೇ ಅನ್ನಿಸುತ್ತದೆ ನನಗೆ ಈಗೀಗ. ನೀವು ಬಂದ ಮೇಲೆ ಬರೆಯಿರಿ, ಅಂಚೆಯಲ್ಲೇ. ನಿದ್ದೆ ಹೇಗೆ ಬಂತು ಅಂತ ಮೊದಲು, ಪೆನಾಂಗ್ ಹೇಗಿತ್ತು ಅಂತ ಆಮೇಲೆ.

ಅಮ್ಮನಿಗೆ ನನ್ನ ನಮಸ್ಕಾರ.

ಇಂತಿ,
ನಿಮ್ಮ ಅಂಕಣದವಳು

ಮರೆತಿದ್ದೆ: ಊದುಬತ್ತಿ, ಕರ್ಪೂರ, ದೀಪ ಒಯ್ಯುವಂತಿಲ್ಲ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆಯೂ ಬೇಡ. ಸೂಟ್‌ಕೇಸು ಮಂಚದ ಕೆಳಗೆ ಹೋಗುತ್ತದೆ, ಹಾಗಾಗಿ ಗಟ್ಟಿ ಚಿಪ್ಪಿನದಕ್ಕಿಂತ ತೆಳುವಾದದ್ದು ಲೇಸು. ಕೋಣೆಯ ಗೋಡೆ ಸಾಮಾನ್ಯವಾಗಿ ಉಕ್ಕಿನದೇ, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಕೊಕ್ಕೆ ನಾಲ್ಕು ತೆಗೆದುಕೊಂಡು ಹೋದರೆ ಟೋಪಿ, ಚೀಲ ಎಲ್ಲ ನೇತು ಹಾಕಬಹುದು. ಮತ್ತೆ ಒಂದು ಪ್ಲಾಸ್ಟಿಕ್ ಚೊಂಬು. ಅದನ್ನು ಮಾತ್ರ ಯಾವ ನಕ್ಷೆಯಲ್ಲೂ ತೋರಿಸಿಲ್ಲ, ಯಾವ ಕೋಣೆಯಲ್ಲೂ ಇಟ್ಟಿರುವುದಿಲ್ಲ.